ಹೆಬ್ಬೆರಳಿನ ಮಾಸ್ತರರು

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಇಳಕಲ್ಲಿನಲ್ಲಿ ನೇಯ್ಗೆ ಕೋರ್ಸು ಕಲಿಸುತ್ತಿದ್ದ ಮಾಸ್ತರರು ಸೀರೆಗೆ ಗ್ರೇಡ್ ಕೊಡುವಾಗ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಿದ್ದರು. ಆಮೇಲೆ ಅ, ಬ, ಕ ಅಂತ ಬರೆಯುತ್ತಿದ್ದರು. ಕೆಲಸ ಪೂರ್ತಿಯಾಗದಿದ್ದರೆ 'ಬಾಕಿ'. ಯಾರಾದರೂ ಮುಖ ಸಣ್ಣದು ಮಾಡಿದರೆ, "ಫೇಲ್ ಅಲ್ಲ ತಂಗಿ, ಬಾಕಿ ಅಷ್ಟ" ಅನ್ನುತ್ತಿದ್ದರು.

ಪಾಸಾದರೆ ನನಗೆ ಅಲ್ಲೇ ಹೆಣ್ಣುಮಕ್ಕಳಿಗೆ ಮಗ್ಗ ತೋರಿಸುವ ಕೆಲಸ ಸಿಗುವುದಿತ್ತು. ಪರೀಕ್ಷೆಯ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕಿತ್ತು. ಕೂಸಿಗೆ ಜ್ವರ ಬಂದು ನಾನು ಮಗ್ಗ ಬಿಟ್ಟು ಎದ್ದಾಗ ಅತ್ತೆ ಕೂತು ಸೆರಗು ಮುಗಿಸಿದಳು. ನಮ್ಮ ಮನೆಯಲ್ಲಿ ಅದೇನು ಮೋಸವಲ್ಲ. ಯಾರ ಕೈ ಬಿಡುವಿದೆಯೋ ಅವರು ಕೂತು ನೇಯುವುದು.

ಮಾಸ್ತರರ ಹೆಬ್ಬೆರಳು ಸೆರಗಿನ ಮೇಲೆ ನಿಂತಿತು.

"ಒಡಲು ನಿಂದು. ಸೆರಗು ಯಾರದು?"

"ನಮ್ಮತ್ತಿದ್ರಿ."

"ಭಾಳ ಚಲೋ ಐತಿ. ನಿಮ್ಮತ್ತಿಗೆ ಅ, ನಿನಗ ಬಾಕಿ. ಇನ್ನೊಂದು ಸೀರಿ ನೇಯ್ದು ತಾ, ಒಂದ್ ತಿಂಗಳ ಐತಿ."

ಮನೆಗೆ ಬಂದು ಹೇಳಿದೆ. ಅತ್ತೆ ಓಣಿಗೆಲ್ಲ ಕೇಳುವಂತೆ ನಕ್ಕಳು. "ಸಾಲಿ ಕಟ್ಟಿ ಹತ್ತದಾಕಿ ನಾ ಪಾಸಾದ್ನಿ, ನೀ ಉಳಿದಿ ನೋಡ!"

ಮರುದಿನ ಮುಂಜಾನೆ ಕೂಸನ್ನು ಅವಳ ಮಡಿಲಿಗೆ ಹಾಕಿ, ಹೊಸ ಸೀರೆಗೆ ನಾನೇ ಮಗ್ಗಕ್ಕೆ ಕೂತೆ.