ಮತಗಟ್ಟೆಯ ದೂರ

ಗಬ್ಬೂರಿನ ಆಚೆ ನಮ್ಮೂರಾಗ ಮತಗಟ್ಟೆ ಯಾವಾಗಲೂ ಮೇಲಿನ ಓಣಿಯ ಹಳೇ ಸಾಲ್ಯಾಗ ಇರ್ತದ. ಅದು ಸೋರತದ, ಈ ಸಲ ನಮ್ಮ ದಲಿತರ ಓಣಿಯ ಹೊಸ ಸಾಲ್ಯಾಗ ಇಡ್ರಿ ಅಂತ ಮಾಸ್ತರನಾದ ನಾನೇ ಅರ್ಜಿ ಬರೆದೆ. ಜಾಗ ನೋಡಾಕ ತಾಲೂಕು ಕಚೇರಿ ಸಾಹೇಬರು ಬಂದ ದಿನ ಮೇಲಿನ ಓಣಿಯ ಯಜಮಾನ, "ವಯಸ್ಸಾದೋರಿಗೆ ಅಷ್ಟು ದೂರ ನಡೆಯಾಕ ಆಗಂಗಿಲ್ರೀ" ಅಂದ.

ನನಗ ಮೈಯೆಲ್ಲಾ ಉರೀತು. ಹೋದ ಪಂಚಾಯ್ತಿ ಚುನಾವಣ್ಯಾಗ ಮಗನ ಸಲುವಾಗಿ ಓಟು ಕೇಳಾಕ ಇದೇ ಮನುಷ್ಯ ನಮ್ಮ ಓಣ್ಯಾಗ ಮನಿಮನಿ ತಿರುಗಿದ್ದ. ಎಲ್ಲರ ಮುಂದೆ ಅದನ್ನೇ ಅಂದೆ. ಸಾಹೇಬರು ನನ್ನ ಮುಖ ಸೈತ ನೋಡದೆ, "ಹಳೇದೇ ಇರಲಿ ಬಿಡ್ರಿ" ಅಂತ ಜೀಪು ಹತ್ತಿದರು.

ನಮ್ಮವ್ವ ನಲವತ್ತು ವರ್ಷದಿಂದ ಅದೇ ದಾರಿ ನಡೆದು ಹೋಗಿ ಓಟು ಹಾಕ್ಯಾಳ. ಯವ್ವಾ, ದೂರ ಆಗ್ತದೇನು ಅಂತ ಇವತ್ತಿನ ತನಕ ಆಕಿನ್ನ ಒಬ್ಬರೂ ಕೇಳಿಲ್ಲ.