ಪೋರ್ಚುಗಲ್ಲಿನ ಬ್ಯಾಕ್ ಆಟಗಾರನೂ ನಮ್ಮೂರ ಮುಯ್ಯಾಳುಗಳೂ

ಓದುಗ ಮಹನೀಯರ ಸಮ್ಮುಖಕ್ಕೆ,

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಒತ್ತಕ್ಷರ, ಮಹಾಪ್ರಾಣಗಳಲ್ಲಿ ತಪ್ಪುವುದು ಶಾಲೆಯ ದಿನಗಳಿಂದಲೂ ಇದೆ. ಇದುವರೆಗೆ ನಾನು ಬರೆದಿರುವುದೆಲ್ಲ ಅರ್ಜಿಗಳೇ: ಪಂಪ್‌ಸೆಟ್ಟಿಗೆ ವಿದ್ಯುತ್ ಕೋರಿ, ಪಹಣಿಯ ತಿದ್ದುಪಡಿ ಕೋರಿ. ಬೇರೆ ಧಾಟಿ ಬಾರದ ಕಾರಣ ಈ ನೆನಪುಗಳನ್ನೂ ಅದೇ ಧಾಟಿಯಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಾನು ಕಟ್ಟೆಮಳಲವಾಡಿ ಸಮೀಪದ ಒಂದು ಊರಿನ ಹೊಗೆಸೊಪ್ಪು ಬೆಳೆಗಾರ. ಫುಟ್‌ಬಾಲಿನಲ್ಲಿ ಗೋಲು ಕಾಯುವ ಗೋಲಿಯ ಮುಂದೆ ನಿಲ್ಲುವ ಬ್ಯಾಕ್ ಆಟಗಾರ. ಬಹಳ ವರ್ಷ ನಮ್ಮೂರಿನಲ್ಲಿ ತಂಡವೇ ಇರಲಿಲ್ಲವಾದ್ದರಿಂದ ಕರೆದವರ ಕಡೆಗೆ ಹೋಗಿ ಆಡುತ್ತಿದ್ದೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ನಾಲ್ಕೂ ಕಡೆಯ ಅಂಗಿಗಳು ನನ್ನ ಬಳಿ ಇದ್ದವು. ಊರಿನಲ್ಲಿ ನನಗೆ 'ಬಾಡಿಗೆ ಬ್ಯಾಕು' ಎಂಬ ಹೆಸರಿತ್ತು. ಹೊರಗೆ ನಗುತ್ತಿದ್ದೆ, ಒಳಗೆ ನಾಚಿಕೆಯಾಗುತ್ತಿತ್ತು.

ಹುಣಸೂರಿನ ಬಸ್ ನಿಲ್ದಾಣದ ಬಳಿ ವಯನಾಡಿನ ಕಡೆಯವರೊಬ್ಬರ ಬೇಕರಿಯಿದೆ. ಒಂದು ಮಧ್ಯಾಹ್ನ ಅಲ್ಲಿಯ ಟಿ.ವಿ.ಯಲ್ಲಿ ಆ ಪೋರ್ಚುಗಲ್ ಆಟಗಾರನನ್ನು ಮೊದಲ ಬಾರಿಗೆ ಕಂಡೆ. ವಯಸ್ಸು ಇಳಿದ ಮೇಲೆ ನಮ್ಮ ದೇಶದ ಒಂದು ತಂಡಕ್ಕೆ ಬಂದಿದ್ದರು. ನನ್ನನ್ನು ತಮ್ಮ ಮಲಯಾಳದಲ್ಲೇ ಮಗನೇ ಎಂದು ಕರೆಯುವ ಬೇಕರಿಯವರು ಬನ್ನಿಗೆ ಬೆಣ್ಣೆ ಸವರುತ್ತಾ ನನಗೆ ತೋರಿಸಿದರು.

"ನೋಡು ಮೋನೆ, ಈ ಮನುಷ್ಯ ಚೆಂಡಿನ ಹಿಂದೆ ಓಡೋದಿಲ್ಲ. ಚೆಂಡು ಎಲ್ಲಿ ಬರ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರ್ತಾನೆ."

ಆ ಆಟಗಾರರ ವೃತ್ತಿಯ ವಿವರವನ್ನು ಬೇಕರಿಯವರೇ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದರು. ತಮ್ಮ ದೇಶದ ದೊಡ್ಡ ತಂಡವೊಂದರಲ್ಲಿ ಕಲಿತು, ಅಲ್ಲಿ ಒಂದು ಪಂದ್ಯವನ್ನೂ ಆಡಲು ಸಿಗದೆ, ಸಣ್ಣ ತಂಡಗಳಿಗೆ ಎರವಲು ಹೋದವರು. ಆ ಬಳಿಕ ರೊಮೇನಿಯಾ, ಸೈಪ್ರಸ್, ಗ್ರೀಸ್. ಒಂದು ಕಡೆ ತಂಡ ಕೆಳಗಿನ ದರ್ಜೆಗೆ ಇಳಿಯಿತು, ಇನ್ನೊಂದು ಕಡೆ ತಂಡವೇ ಮುಚ್ಚಿಹೋಯಿತು. ಎಲ್ಲಿಯೂ ಎರಡು ವರ್ಷದ ಮೇಲೆ ನಿಂತವರಲ್ಲ. ಆದರೂ ಹೋದ ಪ್ರತಿ ಕಡೆಯಲ್ಲೂ, ತಾವು ಅಲ್ಲಿಯೇ ಹುಟ್ಟಿ ಬೆಳೆದವರೇನೋ ಎಂಬಂತೆ ಕೈ ನೀಡಿ, ಕೂಗಿ, ಪಕ್ಕದವನನ್ನು ಸರಿಯಾದ ಜಾಗಕ್ಕೆ ತಳ್ಳಿ ಆಡುತ್ತಿದ್ದರು. ಬಿದ್ದು ಎದ್ದು ಚೆಂಡು ಕಿತ್ತುಕೊಳ್ಳುವವನಿಗೆ ಜನ ಶಿಳ್ಳೆ ಹೊಡೆಯುತ್ತಾರೆ. ಬೀಳುವ ಪ್ರಮೇಯವೇ ಬಾರದಂತೆ ನಿಂತವರಿಗೆ ಯಾರೂ ಹೊಡೆಯುವುದಿಲ್ಲ. ನಾನು ಬೇಕರಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ್ದುಂಟು.

ಮರುವರ್ಷ ಆಗಸ್ಟಿನಲ್ಲಿ ಹುಣಸೂರಿನಲ್ಲಿ ಪಂದ್ಯಾವಳಿ ಏರ್ಪಟ್ಟಿತು. ಪಿರಿಯಾಪಟ್ಟಣದವರಿಗೆ ಆಡುವುದಾಗಿ ನಾನು ಮಾತು ಕೊಟ್ಟ ಮೇಲೆ ನಮ್ಮೂರಿನವರು ತಂಡ ಕಟ್ಟಿದರು. ಅದರ ಮುಂದಾಳು ಪಕ್ಕದ ಹೊಲದವನು, ವರಸೆಯಲ್ಲಿ ನನಗೆ ಬಾಮೈದ. ಚೀಟಿ ಎತ್ತಿದಾಗ ಮೊದಲ ಪಂದ್ಯವೇ ನಮ್ಮೂರಿಗೂ ಪಿರಿಯಾಪಟ್ಟಣಕ್ಕೂ ಬಿತ್ತು. ಬಾಮೈದ ಮನೆಗೆ ಬಂದ.

"ಬಾವ, ಅವರ ಬಟ್ಟೆ ಹಾಕ್ಕಂಡು ನಮ್ಮೇಲೇ ಆಡ್ತೀಯಾ?"

"ಮಾತು ಕೊಟ್ಬುಟ್ಟಿವ್ನಿ ಕಣ್ಲಾ."

"ಅಂಗಾರೆ ಬ್ಯಾರನ್ ತುಂಬಕ್ಕೂ ಪಿರಿಯಾಪಟ್ಟಣದಿಂದ್ಲೇ ಆಳು ಕರುಸ್ಕೊ ಬುಡು."

ಈ ಮಾತಿನ ತೂಕವನ್ನು ವಿವರಿಸಬೇಕಾಗಿದೆ. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ, ಕೂಲಿಯ ಮಾತಿಲ್ಲ. ಹಣ್ಣಾದ ಹೊಗೆಸೊಪ್ಪನ್ನು ಒಂದೇ ದಿನದಲ್ಲಿ ಮುರಿದು, ಕಡ್ಡಿಗಳಿಗೆ ಕಟ್ಟಿ, ಬೇಯಿಸುವ ಮನೆಯಾದ ಬ್ಯಾರನ್ನಿಗೆ ಏರಿಸಬೇಕು. ಮನೆಯವರಿಂದಷ್ಟೇ ಆಗದು. ನನ್ನ ಸರದಿ ಪಂದ್ಯದ ಮರುದಿನವೇ ಇತ್ತು. ಬರಬೇಕಾದ ಮುಯ್ಯಾಳುಗಳೆಲ್ಲ ಬಾಮೈದನ ತಂಡದವರೇ.

ಪಿರಿಯಾಪಟ್ಟಣದವರಿಗೆ ಫೋನ್ ಮಾಡಿ ಮಾತು ಹಿಂತೆಗೆಯುವ ಯೋಚನೆಯಿಂದಲೇ ಹುಣಸೂರಿಗೆ ಹೋದೆ. ಬೇಕರಿಯ ಟಿ.ವಿ.ಯಲ್ಲಿ ಪಂದ್ಯ ನಡೆಯುತ್ತಿತ್ತು. ಅಷ್ಟರಲ್ಲಿ ನಮ್ಮ ದೇಶದಲ್ಲೇ ಇನ್ನೊಂದು ತಂಡಕ್ಕೆ ಸೇರಿದ್ದ ಪೋರ್ಚುಗಲ್ಲಿನವರು ಹಿಂದಿನ ವರ್ಷ ತಾವು ಆಡಿದ್ದ ತಂಡದ ಮೇಲೆಯೇ ಆಡುತ್ತಿದ್ದರು. ಒಂದು ಚೆಂಡನ್ನೂ ಬಿಟ್ಟುಕೊಡಲಿಲ್ಲ. ಆಟ ಮುಗಿದ ಮೇಲೆ ತಮ್ಮವರ ಸಂಭ್ರಮಕ್ಕೆ ಸೇರದೆ, ನೇರ ಎದುರಾಳಿಗಳ ಬೆಂಚಿನತ್ತ ನಡೆದು, ಅಲ್ಲಿ ನೀರಿನ ಬಾಟಲಿ ಜೋಡಿಸುತ್ತಿದ್ದ ವಯಸ್ಸಾದವರೊಬ್ಬರನ್ನು ತಬ್ಬಿಕೊಂಡರು. ಪಿರಿಯಾಪಟ್ಟಣದವರಿಗೆ ಫೋನ್ ಮಾಡದೆಯೇ ನಾನು ಬಸ್ಸು ಹತ್ತಿದೆ.

ಪಂದ್ಯದ ದಿನ ಮೈದಾನ ಕೆಸರಾಗಿತ್ತು. ಪಿರಿಯಾಪಟ್ಟಣದವರು ಒಂದು ಗೋಲು ಮುಂದಿದ್ದರು. ಕೊನೆಯ ಗಳಿಗೆಯಲ್ಲಿ ಬಾಮೈದ ಒಬ್ಬನೇ ಚೆಂಡಿನೊಡನೆ ನುಗ್ಗಿ ಬಂದ. ನನ್ನ ಹಿಂದೆ ಗೋಲಿ ಮಾತ್ರ. ಬಿದ್ದು ಚೆಂಡು ಕಿತ್ತುಕೊಳ್ಳಬೇಕೆನಿಸಿತು; ಬೀಳಲಿಲ್ಲ. ಅವನು ಹೊರಳಬಹುದಾದ ಕಡೆಗೆ ಒಂದು ಹೆಜ್ಜೆ ಮೊದಲೇ ಇಟ್ಟು ನಿಂತೆ. ಅವನು ನನ್ನ ಎದೆಗೆ ಡಿಕ್ಕಿ ಹೊಡೆದು ಕೆಸರಿನಲ್ಲಿ ಕುಳಿತ. ಚೆಂಡು ನನ್ನ ಕಾಲಲ್ಲಿ ಉಳಿಯಿತು. ಆಟ ಮುಗಿದೊಡನೆ ನಮ್ಮೂರಿನವರ ಬಳಿಗೆ ಹೋಗಿ ಕೈ ಚಾಚಿದೆ. ಬಾಮೈದ ತಲೆ ಬಗ್ಗಿಸಿ ಷೂ ಬಿಚ್ಚುತ್ತಲೇ ಇದ್ದ.

ಮರುದಿನ ಬೆಳಗ್ಗೆ ತಾಯಿಯವರು ಹನ್ನೆರಡು ಜನರ ಮುದ್ದೆಗೆ ಎಸರಿಟ್ಟರು.

"ಯಾರ್ ಬತ್ತಾರವ್ವಾ?" ಎಂದೆ.

"ಅವರ ಹೊಲಕ್ಕೆ ಮುಯ್ಯಿಗೆ ಹೋದಾಗ ನೀನು ಅರೆಬರೆ ಸೊಪ್ಪು ಮುರ್ದು ಬಂದಿದ್ದೇನ್ಲಾ?"

"ಇಲ್ಲ."

"ಪಿರಿಯಾಪಟ್ಟಣದೋರ ತಾವೂ ಅಂಗೇ ತಾನೆ ಆಡಿದ್ದು? ಬತ್ತಾರೆ, ಸುಮ್ಕಿರು."

ಹೊತ್ತು ಏರಿತು. ನಾನು ಒಬ್ಬನೇ ಸಾಲಿಗಿಳಿದು ಸೊಪ್ಪು ಮುರಿಯತೊಡಗಿದೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಎದುರಿನ ತುದಿಯಿಂದ ಸೊಪ್ಪು ಮುರಿಯುವ ಸದ್ದು ಕೇಳಿತು. ಬಾಮೈದ. ಅವನ ಹಿಂದೆ ನಮ್ಮೂರಿನ ತಂಡ.

"ಬಾವ, ಭುಜ ಇನ್ನೂ ನೋಯ್ತದೆ ಕಣ. ಅಂಗೆ ಗ್ವಾಡೆ ನಿಂತಂಗೆ ನಿಂತ್ಕಳದ ಯಾರ ತಾವ ಕಲ್ತೆ?"

"ಪೋರ್ಚುಗಲ್ಲೋನ ತಾವ."

"ಅವನ್ನೂ ಸೊಪ್ಪು ಕಟ್ಟಕ್ಕೆ ಕರಿ ಅತ್ಲಾಗೆ!"

ಸಂಜೆಗೆ ಮುನ್ನ ಬ್ಯಾರನ್ ತುಂಬಿತು. ಹಗ್ಗದ ಮೇಲಿದ್ದ ಪಿರಿಯಾಪಟ್ಟಣದ ಬಿಳಿ ಅಂಗಿಯನ್ನು ಬಾಮೈದ ಕೊನೆಯ ಕಡ್ಡಿಗೆ ಕಟ್ಟಿ, "ಇದೂ ಬೇಯ್ಲಿ ಬುಡು" ಎಂದು ಸೊಪ್ಪಿನ ಜೊತೆಗೇ ಏರಿಸಿದ. ವಾರದ ಬಳಿಕ ಬಾಗಿಲು ತೆರೆದಾಗ ಅದು ಸೊಪ್ಪಿನ ಬಣ್ಣಕ್ಕೇ ತಿರುಗಿತ್ತು. ಮಾರನೆಯ ವರ್ಷ ನಮ್ಮೂರಿನ ಪರವಾಗಿ ಆಡುವಾಗ ಅದನ್ನೇ ತೊಟ್ಟೆ, ಯಾರೂ ಆಕ್ಷೇಪಿಸಲಿಲ್ಲ.

ಪೋರ್ಚುಗಲ್ಲಿನವರು ಈಗ ತಮ್ಮ ಹುಟ್ಟೂರಿನ ಪಕ್ಕದ ಸಣ್ಣ ತಂಡದಲ್ಲಿ ಇನ್ನೂ ಆಡುತ್ತಿದ್ದಾರೆಂದು ಬೇಕರಿಯವರು ಫೋಟೋ ತೋರಿಸಿದರು. ಕೂದಲು ನರೆತಿದೆ. ಕೈ ಮಾತ್ರ ಎಂದಿನಂತೆ ಪಕ್ಕದವನಿಗೆ ಜಾಗ ತೋರಿಸುತ್ತಿದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ ತಿಳಿಸಬೇಕಾಗಿ ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡುತ್ತೇನೆ.