ಬಳಸಿದಷ್ಟೂ ಚುರುಕಾದ ಕಪ್ಪು ಪುಡಿ

ಬಳಸಿದ ವಸ್ತು ಸವೆಯಬೇಕು. ತೂಕದಕ್ಕನ ಕಪ್ಪು ಪುಡಿ ಮಾತ್ರ ಬಳಸಿದಷ್ಟೂ ಚುರುಕಾಗುತ್ತಿತ್ತು. ಅವಳ ನೆಮ್ಮದಿ ಕೆಟ್ಟದ್ದು ಅಲ್ಲಿಂದಲೇ.

ಯಾವುದನ್ನೂ ಎರಡೆರಡು ಸಲ ತೂಗದೆ ಬಿಡುವವಳಲ್ಲವಾದ್ದರಿಂದ ಪ್ರಯೋಗಾಲಯದ ಕಿರಿಯರು ಇಟ್ಟ ಹೆಸರದು. ಮಕ್ಕಳು ತಮ್ಮ ಪಾಡಿಗೆ ಓದಿಕೊಳ್ಳುವಷ್ಟು ದೊಡ್ಡವರಾದ ಮೇಲೆ ಪಾಠ ಹೇಳುವುದನ್ನು ಬಿಟ್ಟು ಸಂಶೋಧನೆಗೆ ಬಂದವಳು. ಇಂಧನಕೋಶದಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಸೇರಿ ನೀರಾಗುವಾಗ ವಿದ್ಯುತ್ತು ಹುಟ್ಟುತ್ತದೆ. ಆದರೆ ಆಮ್ಲಜನಕ ಮಹಾ ಸೋಮಾರಿ, ಅದನ್ನು ಎಬ್ಬಿಸಲು ವೇಗವರ್ಧಕ ಬೇಕು. ಪ್ಲಾಟಿನಂ ಚೆನ್ನಾಗಿ ಎಬ್ಬಿಸುತ್ತದೆ, ಬೆಲೆ ಮಾತ್ರ ಕೈಗೆಟುಕದು. ಕ್ಷಾರದ ದ್ರಾವಣದಲ್ಲಾದರೆ ಅಗ್ಗದ ಲೋಹಗಳ ಆಕ್ಸೈಡುಗಳಿಂದಲೂ ಆ ಕೆಲಸ ಮಾಡಿಸಬಹುದು. ಮ್ಯಾಂಗನೀಸು, ಕೋಬಾಲ್ಟು ಬೆರೆಸಿ ಕುಲುಮೆಯಲ್ಲಿ ಸುಟ್ಟು ಅವಳು ಮಾಡಿದ್ದು ಅಂಥದೇ ಪುಡಿ. ಪ್ಲಾಟಿನಂ ಇಲ್ಲದೆಯೇ ಪ್ಲಾಟಿನಮ್ಮಿನಷ್ಟು ಕೆಲಸ ಎಂಬುದು ಅವಳ ಪ್ರಬಂಧದ ತಿರುಳು. ಮುಂದಿನ ವಾರ ಪರೀಕ್ಷಕರೆದುರು ಮಂಡನೆ.

“ಚೆನ್ನಾಗಿ ಬಂದ್ರೂ ಮುಖ ಗಂಟಿಕ್ಕೊಂಡಿದ್ದೀರಲ್ಲಕ್ಕಾ! ನನ್ನ ಪುಡಿ ನಾಲ್ಕು ಸುತ್ತು ಪರೀಕ್ಷೆಗೇ ಮಂಡಿಯೂರುತ್ತೆ,” ಎಂದಳು ಪಕ್ಕದ ಮೇಜಿನ ಹುಡುಗಿ.

“ಚುರುಕು ಯಾಕೆ ಏರ್ತಿದೆ ಅಂತ ಗೊತ್ತಾಗಬೇಕಲ್ಲ ಕಣೇ.”

ಮನೆಯಲ್ಲಿ ಅತ್ತೆ, “ಹೊಸ ಚಪ್ಪಲಿ ಮೊದಲು ಕಚ್ಚಿ ಆಮೇಲೆ ಹೊಂದಿಕೊಳ್ಳಲ್ವಾ, ಇದೂ ಹಾಗೇ, ಬಿಡೇ. ಮೊದಲು ಊಟ ಮಾಡು,” ಎಂದರು.

ಅವಳು ಬಿಡಲಿಲ್ಲ. ಹೊಸ ಕ್ಷಾರ ಕಲಸಿದಳು. ಕ್ಷಾರ ಗಾಜನ್ನೂ ನಿಧಾನವಾಗಿ ತಿನ್ನುತ್ತದೆಂದು ಪ್ಲಾಸ್ಟಿಕ್ ಪಾತ್ರೆಗೆ ಬದಲಾಯಿಸಿದಳು. ಆಮ್ಲಜನಕದ ಸಿಲಿಂಡರನ್ನೂ ಬದಲಿಸಿದ್ದಾಯಿತು. ಪುಡಿಯ ಚುರುಕು ತೋರಿಸುವ ಪರದೆಯ ಮೇಲಿನ ಗೆರೆ ಮತ್ತೂ ಮೇಲೇರಿತು.

ಉಳಿದದ್ದು ಒಂದೇ. ವಿದ್ಯುತ್ ಮಂಡಲಕ್ಕೆ ಎರಡು ತುದಿ ಬೇಕು. ಒಂದರಲ್ಲಿ ಅವಳ ಪುಡಿಯ ಲೇಪ, ಇನ್ನೊಂದರಲ್ಲಿ ಪ್ಲಾಟಿನಂ ತಂತಿ. ಆ ತಂತಿ ಪ್ರಯೋಗಾಲಯದ ಮುದ್ದಿನ ಕೂಸು, ತೊಳೆದು ಒರೆಸಿ ಮಖಮಲ್ಲಿನ ಡಬ್ಬಿಯಲ್ಲಿ ಮಲಗಿಸುತ್ತಿದ್ದರು. ಅದಕ್ಕೆ ಕೊಳೆ ತಾಗಬಾರದೆಂದು ಎಲ್ಲರೂ ಒದ್ದಾಡುತ್ತಿದ್ದರೇ ಹೊರತು, ಅದೇ ಉಳಿದದ್ದನ್ನು ಕೆಡಿಸೀತು ಎಂದು ಯಾರೂ ಎಣಿಸಿರಲಿಲ್ಲ.

“ಪ್ಲಾಟಿನಂ ಎಲ್ಲಾದ್ರೂ ಕರಗುತ್ತಾ ಅಕ್ಕಾ?” ಹುಡುಗಿ ನಕ್ಕಳು.

“ಕಣ್ಣಿಗೆ ಕಾಣದಷ್ಟು ಕರಗಿದ್ರೆ?”

ತಂತಿ ತೆಗೆದು ಗ್ರಾಫೈಟ್ ಕಡ್ಡಿ ಇಟ್ಟು, ಹೊಸ ಲೇಪ ಬಳಿದಳು. ಗೆರೆ ಮೊದಲ ಸುತ್ತಿನಲ್ಲಿ ಎಲ್ಲಿತ್ತೋ ಸಂಜೆಯವರೆಗೂ ಅಲ್ಲೇ ನಿಂತಿತು. ಹಳೆಯ ಲೇಪವನ್ನು ಎಕ್ಸ್-ರೇ ಯಂತ್ರಕ್ಕೆ ಒಡ್ಡಿದರೆ ಪ್ಲಾಟಿನಮ್ಮಿನ ಗುರುತು ಎದ್ದು ಕಂಡಿತು. ತಂತಿಯ ಪ್ಲಾಟಿನಂ ಚೂರುಚೂರೇ ಕರಗಿ ಪುಡಿಯ ಮೇಲೆ ಬಂದು ಕೂತಿತ್ತು; ಏರಿದ ಚುರುಕು ಅದರದೇ.

ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರು ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. “ಪರೀಕ್ಷಕರು ಇದನ್ನ ಕೇಳ್ತಿದ್ರಾ?”

“ಇಲ್ಲ ಅನ್ಸುತ್ತೆ ಸರ್.”

“ಆದ್ರೂ ಹುಡುಕಿದೆ.” ಅವರು ನಿಟ್ಟುಸಿರಿಟ್ಟರು. “ಪ್ಲಾಟಿನಮ್ಮಿಗೆ ಸಮ ಅನ್ನೋ ಮಾತು ಹೋಯ್ತು. ಮಂಡನೆ ಮುಂದಕ್ಕೆ. ವರ್ಷಾನೇ ಹಿಡಿದೀತು.”

“ಗೊತ್ತು ಸರ್.” ಆದರೂ ಹೊರಟುಹೋಗದೆ ಅಲ್ಲೇ ನಿಂತಳು. “ನನ್ನ ಪುಡಿಯ ಬದಲು ಬರೀ ಇಂಗಾಲದ ತುದಿ ಇಟ್ಟೂ ನೋಡಿದೆ. ಅದೇ ಪ್ಲಾಟಿನಂ ತಂತಿ, ಅದೇ ದ್ರಾವಣ. ಅದರ ಮೇಲೆ ಪ್ಲಾಟಿನಂ ಇಷ್ಟು ಕೂರಲೇ ಇಲ್ಲ. ನನ್ನ ಪುಡಿ ಮೇಲೇ ಯಾಕೆ ಸರ್?”

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕುರ್ಚಿ ಎಳ್ಕೋ,” ಎಂದರು.